ಎಪ್ಪತ್ತೈದು ದಾಟಿದವರಿಗೆ ಕರುಳಿನ ಕ್ಯಾನ್ಸರ್ ತಪಾಸಣೆ: ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ, ಏಕೆ?

ಪ್ರಶ್ನೆ (ಒಹಾಯೋದಿಂದ ಒಬ್ಬ ಸದಸ್ಯೆ):
ಡಾಕ್ಟರೇ, ನಮಸ್ಕಾರ. ನನ್ನ ಮಾವನವರೂ ಅತ್ತೆಯವರೂ ಗ್ರೀನ್ ಕಾರ್ಡ್ ಪಡೆದು ಹಲವು ವರ್ಷಗಳಿಂದ ಅಮೆರಿಕದಲ್ಲಿ ನಮ್ಮ ಜೊತೆಗೇ ಇದ್ದಾರೆ. ಮಾವನವರಿಗೆ 78 ವರ್ಷ. ಬಿಪಿ ಮಾತ್ರೆಯೊಂದನ್ನು ಬಿಟ್ಟರೆ ಬೇರೆ ಔಷಧವಿಲ್ಲ, ದಿನವೂ ವಾಕಿಂಗ್ ಹೋಗುತ್ತಾರೆ, ಆದರೆ ಕರುಳಿನ ತಪಾಸಣೆಯನ್ನು ಒಮ್ಮೆಯೂ ಮಾಡಿಸಿದವರಲ್ಲ. ಅತ್ತೆಯವರಿಗೆ 76. ಅವರಿಗೆ ಹಾರ್ಟ್ ಫೇಲ್ಯೂರ್ ಇದೆ, ಸಕ್ಕರೆ ಕಾಯಿಲೆಯಿಂದ ಕಿಡ್ನಿಯೂ ದುರ್ಬಲವಾಗಿದೆ. 70ನೇ ವಯಸ್ಸಿನಲ್ಲಿ ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಗೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದಾಗ ಏನೂ ಕಂಡಿರಲಿಲ್ಲ. ಈಗ ನಮ್ಮ ವೈದ್ಯರು ಮಾವನವರಿಗೆ ಮಲ ಪರೀಕ್ಷೆಯ ಕಿಟ್ ಕೊಟ್ಟು, ಅತ್ತೆಯವರಿಗೆ ಅದರ ಅಗತ್ಯವಿಲ್ಲ ಎಂದಿದ್ದಾರೆ. ಗಟ್ಟಿಮುಟ್ಟಾಗಿರುವವರಿಗೆ ಪರೀಕ್ಷೆ, ಕಾಯಿಲೆಯವರಿಗೆ ಬೇಡ ಎಂಬುದು ನಮಗೆ ತಿರುಗುಮುರುಗಾಗಿ ಕಾಣುತ್ತಿದೆ. "ಇನ್ನು ನನ್ನ ಮೇಲೆ ದುಡ್ಡು ಹಾಕೋದು ದಂಡ ಅಂತ ತೀರ್ಮಾನ ಮಾಡಿದ್ದಾರೆ" ಎಂದು ಅತ್ತೆಯವರು ನೊಂದುಕೊಂಡಿದ್ದಾರೆ.

ಉತ್ತರ (ವೃದ್ಧರ ಆರೋಗ್ಯ ನೋಡಿಕೊಳ್ಳುವ ವೈದ್ಯೆ, ಅಮೆರಿಕ):
ನಮಸ್ಕಾರ. ಹಣದ ಮಾತನ್ನು ಮೊದಲು ಬದಿಗಿಡೋಣ. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆಯಾದ ಮೆಡಿಕೇರ್ ಕೊಲೊನೊಸ್ಕೋಪಿಗೆ ವಯಸ್ಸಿನ ಮೇಲ್ಮಿತಿಯನ್ನೇ ಇಟ್ಟಿಲ್ಲ. ಆದ್ದರಿಂದ ನಿಮ್ಮ ಅತ್ತೆಯವರಿಗೆ ಬೇಡವೆಂದದ್ದಕ್ಕೆ ಕಾರಣ ಬೇರೆಯೇ ಇರಬೇಕು.

ರೋಗಲಕ್ಷಣವೇ ಇಲ್ಲದ ವ್ಯಕ್ತಿಯಲ್ಲಿ ರೋಗವನ್ನು ಹುಡುಕುವುದಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟುಗಳಲ್ಲಿ ಕೆಲವು ಮಾತ್ರ ಕ್ಯಾನ್ಸರ್ ಆಗುತ್ತವೆ, ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಹೀಗಾಗಿ ಇವತ್ತು ಪಾಲಿಪ್ ತೆಗೆಸಿಕೊಂಡವರಿಗೆ ಅದರ ಲಾಭ ಸಿಗುವುದು ಬಹಳ ವರ್ಷಗಳ ನಂತರ. ತೊಂದರೆಯಾಗುವುದಿದ್ದರೆ ಅದು ಪರೀಕ್ಷೆಯ ದಿನವೋ ಅದೇ ವಾರವೋ ಆಗುತ್ತದೆ. ಮಲ ಪರೀಕ್ಷೆಯ ಹಳೆಯ ದೊಡ್ಡ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ತಪಾಸಣೆಗೆ ಒಳಗಾದ 1,000 ಜನರಲ್ಲಿ ಒಬ್ಬರ ಸಾವನ್ನು ತಪ್ಪಿಸಲು ಸುಮಾರು 10 ವರ್ಷ ಬೇಕಾಗುತ್ತದೆ. ವೈದ್ಯರು ಮನಸ್ಸಿನಲ್ಲೇ ಮಾಡುವ ಲೆಕ್ಕದ ಕೇಂದ್ರ ಈ ಹತ್ತು ವರ್ಷಗಳೇ.

ರೋಗ ತಡೆಯ ಬಗ್ಗೆ ಸಲಹೆ ಕೊಡುವ ತಜ್ಞರ ಸಮಿತಿಯಾದ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2021ರಲ್ಲಿ ಹೊರಡಿಸಿದ ಶಿಫಾರಸಿನಂತೆ 45ರಿಂದ 75ರವರೆಗೆ ಎಲ್ಲರಿಗೂ ತಪಾಸಣೆ ಬೇಕು. 76ರಿಂದ 85ರವರೆಗೆ ಒಬ್ಬೊಬ್ಬರ ಆರೋಗ್ಯ, ಹಿಂದಿನ ತಪಾಸಣೆಗಳು ಮತ್ತು ಅವರ ಸ್ವಂತ ಇಚ್ಛೆಯನ್ನು ನೋಡಿ ನಿರ್ಧರಿಸಬೇಕು. ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2023ರಲ್ಲಿ ಇನ್ನಷ್ಟು ಬಿಗಿಯಾಗಿ, 75 ದಾಟಿದವರಲ್ಲಿ ಅಥವಾ ಹತ್ತು ವರ್ಷಕ್ಕಿಂತ ಹೆಚ್ಚು ಆಯುಸ್ಸಿನ ನಿರೀಕ್ಷೆ ಇಲ್ಲದವರಲ್ಲಿ ನಿಲ್ಲಿಸಿ ಎಂದಿತು. ನನ್ನ ಅಭಿಪ್ರಾಯದಲ್ಲಿ ಮೊದಲಿನದೇ ಹೆಚ್ಚು ಸಮಂಜಸ, ಏಕೆಂದರೆ ಒಂದೇ ವಯಸ್ಸಿನ ಇಬ್ಬರ ನಡುವೆ ಅಜಗಜಾಂತರವಿರುತ್ತದೆ. ಲೂಯಿಸ್ ವಾಲ್ಟರ್ ಮತ್ತು ಕೆನೆತ್ ಕೊವಿನ್ಸ್ಕಿ ಎಂಬ ವೈದ್ಯರು 2001ರಲ್ಲೇ ಅಮೆರಿಕದ ಅಂಕಿಅಂಶಗಳಿಂದ ಇದನ್ನು ತೋರಿಸಿದ್ದರು: 80 ವರ್ಷದ ಗಂಡಸರಲ್ಲಿ ಅತ್ಯಂತ ಆರೋಗ್ಯವಂತರಾದ ಕಾಲು ಭಾಗದವರು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಬದುಕುತ್ತಾರೆ, ಅತ್ಯಂತ ದುರ್ಬಲರಾದ ಕಾಲು ಭಾಗದವರಿಗೆ ಉಳಿದಿರುವುದು ಮೂರು ವರ್ಷದ ಆಸುಪಾಸು. ಇಬ್ಬರ ವಯಸ್ಸೂ ಎಂಬತ್ತೇ.

ಈ ಅಂದಾಜಿಗೆ ಈ-ಪ್ರಾಗ್ನೋಸಿಸ್ ಎಂಬ ಆನ್‌ಲೈನ್ ಸಾಧನವನ್ನು ನಾವು ಬಳಸುತ್ತೇವೆ. ಕಾಲು ಮೈಲಿ ನಡೆಯಲು ಕಷ್ಟವೇ, ಸ್ನಾನಕ್ಕೆ ಯಾರಾದರೂ ನೆರವಾಗಬೇಕೇ, ಹಣಕಾಸು ತಾವೇ ನೋಡಿಕೊಳ್ಳುತ್ತಾರೆಯೇ, ಕಳೆದ ವರ್ಷ ಆಸ್ಪತ್ರೆ ಸೇರಿದ್ದರೇ, ಧೂಮಪಾನ ಇದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಲ್ಯಾಬ್ ರಿಪೋರ್ಟುಗಳಿಗಿಂತ ಇವೇ ಎಷ್ಟೋ ಸಲ ಹೆಚ್ಚು ಹೇಳುತ್ತವೆ. ನಮ್ಮ ಹಿರಿಯರಲ್ಲಿ ಒಂದು ತೊಡಕಿದೆ: ಬ್ಯಾಂಕಿನ ವ್ಯವಹಾರವನ್ನು ಮಗ ನೋಡಿಕೊಳ್ಳುವುದು ಅನೇಕ ಮನೆಗಳಲ್ಲಿ ಸಂಪ್ರದಾಯವೇ ಹೊರತು ಅಶಕ್ತತೆಯಲ್ಲ. ಅದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು.

ಈಗ ನಿಮ್ಮ ಮನೆಯ ವಿಷಯ. ಅತ್ತೆಯವರಿಗೆ 70ರಲ್ಲಿ ಕೊಲೊನೊಸ್ಕೋಪಿ ಸ್ವಚ್ಛವಾಗಿ ಬಂದಿದ್ದರೆ, ಸಾಮಾನ್ಯ ಅಪಾಯದವರಿಗೆ ಅದು ಹತ್ತು ವರ್ಷದ ಮಟ್ಟಿಗೆ ಸಾಕು. ಅಂದರೆ ಅವರು ಪೂರ್ಣ ಆರೋಗ್ಯವಂತರಾಗಿದ್ದರೂ 80ರವರೆಗೆ ಮತ್ತೊಂದು ಪರೀಕ್ಷೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದರ ಜೊತೆಗೆ ಹೃದಯ ಮತ್ತು ಕಿಡ್ನಿ ದುರ್ಬಲವಾಗಿರುವಾಗ, ಕರುಳು ತೊಳೆಯಲು ಲೀಟರುಗಟ್ಟಲೆ ಭೇದಿ ದ್ರಾವಣ ಕುಡಿಯುವುದರಿಂದ ನೀರು ಮತ್ತು ಲವಣಗಳ ಸಮತೋಲ ತಪ್ಪಬಹುದು, ರಾತ್ರಿ ಮತ್ತೆ ಮತ್ತೆ ಶೌಚಕ್ಕೆ ಎದ್ದು ತಲೆಸುತ್ತಿ ಬೀಳಬಹುದು, ಮತ್ತು ಮಂಪರು ಔಷಧದ ಅಪಾಯವೂ ಹೆಚ್ಚು.

ಮಾವನವರ ಸಂಗತಿ ಬೇರೆ. ಈವರೆಗೆ ಒಮ್ಮೆಯೂ ತಪಾಸಣೆ ಆಗದವರಿಗೆ ಮೊದಲ ತಪಾಸಣೆಯಿಂದ ಸಿಗುವ ಲಾಭ ಹೆಚ್ಚು. 2014ರ ಒಂದು ಗಣಿತೀಯ ಅಧ್ಯಯನವು, ಬೇರೆ ಕಾಯಿಲೆಗಳಿಲ್ಲದ, ಎಂದೂ ತಪಾಸಣೆ ಮಾಡಿಸದ ವೃದ್ಧರಿಗೆ 86ರವರೆಗೂ ಅದು ಸಾರ್ಥಕ ಎಂದು ಲೆಕ್ಕ ಹಾಕಿತ್ತು; ತೀವ್ರ ಕಾಯಿಲೆಗಳಿದ್ದರೆ ಆ ಮಿತಿ 80ಕ್ಕೆ ಇಳಿಯುತ್ತದೆ. ಅವರಿಗೆ ಕೊಟ್ಟಿರುವ ಫಿಟ್ ಎಂಬ ಕಿಟ್ ಮಲದಲ್ಲಿ ಮನುಷ್ಯರ ರಕ್ತದ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುತ್ತದೆ, ಆದ್ದರಿಂದ ಪಥ್ಯ ಬೇಡ, ಔಷಧ ನಿಲ್ಲಿಸುವುದೂ ಬೇಡ. ಅಮೆರಿಕದಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾಡುತ್ತಾರೆ.

ಅತ್ತೆಯವರ ನೋವಿನ ಬಗ್ಗೆ ಒಂದು ಮಾತು. "ನೀವು ಅಷ್ಟು ವರ್ಷ ಬದುಕಲಿಕ್ಕಿಲ್ಲ" ಎನ್ನುವುದಕ್ಕಿಂತ "ಈ ಪರೀಕ್ಷೆಯಿಂದ ನಿಮ್ಮ ಆಯುಸ್ಸು ಹೆಚ್ಚುವುದಿಲ್ಲ" ಎಂಬ ಮಾತನ್ನು ಹಿರಿಯರು ಒಪ್ಪುತ್ತಾರೆ ಎಂದು ಜಾನ್ಸ್ ಹಾಪ್ಕಿನ್ಸ್‌ನ ನ್ಯಾನ್ಸಿ ಶೋನ್‌ಬಾರ್ನ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದ್ದಾರೆ. ಅವರ ಹೃದಯಕ್ಕೆ, ಕಿಡ್ನಿಗೆ ಬೇಕಾದ ಆರೈಕೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ ಎಂದು ವೈದ್ಯರೇ ಅವರ ಎದುರು, ಕನ್ನಡ ದುಭಾಷಿಯ ಮೂಲಕವಾದರೂ, ಹೇಳಲಿ. ಮಗನೋ ಸೊಸೆಯೋ ಅದನ್ನು ಅನುವಾದಿಸುವಾಗ ಅರ್ಧ ಮಾತು ನುಂಗಿಹೋಗುತ್ತದೆ.

ಮರುಪ್ರಶ್ನೆ (ಅದೇ ಸದಸ್ಯೆ):
ತುಂಬಾ ಧನ್ಯವಾದಗಳು, ಡಾಕ್ಟರೇ. ಮಾವನವರು "ಕಿಟ್ ಬೇಕಾದರೆ ಮಾಡ್ತೀನಿ, ಆ ನಳಿಗೆ ಹಾಕಿಸಿಕೊಳ್ಳೋದು ಮಾತ್ರ ಸಾಧ್ಯವಿಲ್ಲ" ಎನ್ನುತ್ತಿದ್ದಾರೆ. ಮಲ ಪರೀಕ್ಷೆಯನ್ನಷ್ಟೇ ಮಾಡಿಸಿ ಬಿಡಬಹುದೇ?

ಉತ್ತರ:
ಹಾಗೆ ಮಾಡಬೇಡಿ. ಫಿಟ್ ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಕೊಲೊನೊಸ್ಕೋಪಿಯೇ. ಅದಕ್ಕೆ ಒಪ್ಪದವರು ಕಿಟ್ ಕಳಿಸಿದರೆ, ಉತ್ತರವಿಲ್ಲದ ಒಂದು ಚಿಂತೆ ಮಾತ್ರ ಮನೆಗೆ ಬರುತ್ತದೆ. ಪಾಸಿಟಿವ್ ಬಂದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ಹೆಚ್ಚಿನವರಿಗೆ ಇರುವುದೇ ಇಲ್ಲ, ಆದರೆ ಅದನ್ನು ಖಚಿತಪಡಿಸಿಕೊಳ್ಳುವ ದಾರಿಯೇ ಮುಚ್ಚಿರುತ್ತದೆ.

ಆದರೂ ಅವರ ನಿರಾಕರಣೆ ಯಾವುದಕ್ಕೆ ಎಂದು ಕೇಳಿ ತಿಳಿಯಿರಿ. ನೋವಿನ ಭಯವಾದರೆ, ಮಂಪರು ಔಷಧ ಕೊಟ್ಟೇ ಮಾಡುತ್ತಾರೆ. ಅಪಾಯದ ಭಯವಾದರೆ ಟಾಸ್ಕ್ ಫೋರ್ಸ್‌ನ 2021ರ ಪರಿಶೀಲನೆಯ ಅಂಕಿಗಳು ಹೀಗಿವೆ: 10,000 ತಪಾಸಣಾ ಕೊಲೊನೊಸ್ಕೋಪಿಗಳಲ್ಲಿ ಕರುಳಿಗೆ ತೂತು ಬೀಳುವುದು ಸುಮಾರು 3ರಲ್ಲಿ, ಗಂಭೀರ ರಕ್ತಸ್ರಾವ ಸುಮಾರು 15ರಲ್ಲಿ. ಮಲ ಪರೀಕ್ಷೆ ಪಾಸಿಟಿವ್ ಆದ ಮೇಲೆ ಮಾಡುವಾಗಲೂ, ವಯಸ್ಸು ಏರಿದಂತೆಯೂ ಇದು ಹೆಚ್ಚುತ್ತದೆ, ಅದನ್ನು ಮುಚ್ಚಿಡಬಾರದು. ಮುಜುಗರವೇ ಕಾರಣವಾದರೆ (ನಮ್ಮ ಗಂಡಸರಲ್ಲಿ ಬಹುಪಾಲು ಇದೇ, ಬಾಯಿಬಿಟ್ಟು ಹೇಳುವುದಿಲ್ಲ) ವೈದ್ಯರೊಡನೆ ಅವರೊಬ್ಬರೇ ಮಾತಾಡಲು ಬಿಟ್ಟು ನೀವು ಹೊರಗೆ ಕೂರುವುದು ಒಳ್ಳೆಯದು. ಎಲ್ಲ ಕೇಳಿಯೂ ಬೇಡವೆಂದರೆ ಅದು ಅವರ ನಿರ್ಧಾರ, ಕಿಟ್ ಡ್ರಾಯರಿನಲ್ಲಿರಲಿ.

ಒಪ್ಪಿದರೆ, ಕರುಳು ತೊಳೆಯಲು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನೇ ಕೊಡಲಿ. ಸೋಡಿಯಂ ಫಾಸ್ಫೇಟ್ ಇರುವ ಮಾತ್ರೆಗಳಿಂದ ಕಿಡ್ನಿಗೆ ಹಾನಿಯಾದ ಪ್ರಕರಣಗಳಿಂದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಕಟ್ಟೆಚ್ಚರಿಕೆ ಕೊಟ್ಟಿದೆ, ವೃದ್ಧರಿಗೆ ಅವು ತಕ್ಕುದಲ್ಲ. ಬಿಪಿ ಮಾತ್ರೆಯನ್ನು ಆ ದಿನ ಏನು ಮಾಡಬೇಕೆಂದು ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ (ಲೆಸ್ಟರ್‌ನಿಂದ ಒಬ್ಬ ಸದಸ್ಯ):
ಮೇಡಂ, ನನ್ನ ತಾಯಿಗೆ 77. ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುತ್ತಿದ್ದ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಮಲ ಪರೀಕ್ಷೆಯ ಕಿಟ್ ನಿಂತುಹೋಗಿದೆ. ವಯಸ್ಸಾದವರನ್ನು ಕೈಬಿಟ್ಟರೆಂದು ತಿಳಿಯಬೇಕೇ?

ಉತ್ತರ:
ಇಂಗ್ಲೆಂಡಿನಲ್ಲಿ ಕಿಟ್ ತಾನಾಗಿ ಬರುವುದು 74ರವರೆಗೆ. 75 ತುಂಬಿದವರು ತಪಾಸಣಾ ಸಹಾಯವಾಣಿಗೆ ತಾವೇ ಫೋನ್ ಮಾಡಿ ಎರಡು ವರ್ಷಕ್ಕೊಮ್ಮೆ ತರಿಸಿಕೊಳ್ಳಬಹುದು. ತರಿಸುವ ಮುನ್ನ ಮೇಲಿನ ಲೆಕ್ಕವನ್ನೇ ಮಾಡಿ: ಈವರೆಗಿನ ಕಿಟ್‌ಗಳೆಲ್ಲ ನೆಗೆಟಿವ್ ಬಂದಿದ್ದರೆ ಅವರ ಅಪಾಯ ಈಗಾಗಲೇ ಕಡಿಮೆ, ನಿಲ್ಲಿಸಿದರೂ ದೊಡ್ಡ ನಷ್ಟವಿಲ್ಲ. ಹಿಂದೆ ಪಾಲಿಪ್ ತೆಗೆದಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ. ಅದು ಮರುಪರಿಶೀಲನೆ, ಅದರ ಅವಧಿ ಪಾಲಿಪ್‌ಗಳ ಸಂಖ್ಯೆ, ಗಾತ್ರ ಮತ್ತು ಬಯಾಪ್ಸಿ ವರದಿಯ ಮೇಲೆ ನಿಲ್ಲುತ್ತದೆ. ಹಳೆಯ ವರದಿ ಹುಡುಕಿ ತೋರಿಸಿ.

ಪ್ರಶ್ನೆ (ಬೆಂಗಳೂರಿನಿಂದ ಒಬ್ಬ ಸದಸ್ಯೆ):
ನಮ್ಮ ತಂದೆಯವರಿಗೆ 81. ಎರಡು ತಿಂಗಳಿಂದ ಮಲದಲ್ಲಿ ರಕ್ತ ಕಾಣುತ್ತಿದೆ, ತುಂಬಾ ಸುಸ್ತು ಎನ್ನುತ್ತಾರೆ. ಮೂಲವ್ಯಾಧಿ ಎಂದು ಮುಲಾಮು ಹಚ್ಚುತ್ತಿದ್ದೇವೆ. ಇದನ್ನೆಲ್ಲ ಓದಿದ ಮೇಲೆ, ಈ ವಯಸ್ಸಿಗೆ ಪರೀಕ್ಷೆ ಬೇಡವೆಂದು ಬಿಡೋಣವೇ, ಅಥವಾ ಫಿಟ್ ಕಿಟ್ ತರಿಸೋಣವೇ?

ಉತ್ತರ:
ಎರಡೂ ಬೇಡ. ಮೇಲೆ ಬರೆದ ಯಾವ ವಯೋಮಿತಿಯೂ ನಿಮ್ಮ ತಂದೆಯವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅವರಿಗೆ ಲಕ್ಷಣಗಳಿವೆ. ರಕ್ತ ಕಣ್ಣಿಗೇ ಕಾಣುತ್ತಿರುವಾಗ ಅದನ್ನು ಹುಡುಕುವ ಕಿಟ್ ತರಿಸಿ ದಿನ ಕಳೆಯುವುದರಲ್ಲಿ ಅರ್ಥವಿಲ್ಲ. ಭಾರತದ ಸರ್ಕಾರಿ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕೊರಳಿಗೆ ಸೀಮಿತ, ಕರುಳಿಗೆ ಯಾವ ಕರೆಯೂ ಮನೆಗೆ ಬರುವುದಿಲ್ಲ. ಹೀಗಾಗಿ ಅಲ್ಲಿ ಲಕ್ಷಣವನ್ನು ಗಮನಿಸಿ ವೈದ್ಯರ ಬಳಿ ಹೋಗುವುದೇ ಮುಖ್ಯ ದಾರಿ. ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಇರಬಾರದೆಂಬ ನಿಯಮವಿಲ್ಲ.

ಈ ವಾರವೇ ಶಸ್ತ್ರಚಿಕಿತ್ಸಕರಿಗೋ ಗ್ಯಾಸ್ಟ್ರೋಎಂಟರಾಲಜಿ ತಜ್ಞರಿಗೋ ತೋರಿಸಿ. ಅವರು ಗುದದ್ವಾರವನ್ನು ಬೆರಳಿನಿಂದ ಪರೀಕ್ಷಿಸಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಸೂಚಕ) ನೋಡಬೇಕು. ಆ ಮೇಲೆ ಕೊಲೊನೊಸ್ಕೋಪಿ ತಡೆಯುವ ಶಕ್ತಿ ಅವರಿಗಿದೆಯೇ, ಇಲ್ಲವಾದರೆ ಸಿಟಿ ಸ್ಕ್ಯಾನ್‌ನಿಂದ ಎಷ್ಟು ತಿಳಿಯಬಹುದು ಎಂಬುದನ್ನು ಚರ್ಚಿಸಿ. ಸ್ಟೆಂಟ್ ಹಾಕಿಸಿಕೊಂಡಿದ್ದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೃದ್ರೋಗ ತಜ್ಞರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ. ರಕ್ತ ಒಮ್ಮೆಲೇ ಹೆಚ್ಚು ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.