ಸಹಾಯ ಬೇಕು: ವೆಬರ್ 32/36 ಡಿಜಿವಿ ಕಾರ್ಬುರೇಟರ್, ಐಡಲ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಬದಲಿಸಬೇಕಾ?

2 ಲೀಟರ್, ನಾಲ್ಕು ಸಿಲಿಂಡರ್‌ನ ಹಳೇ ಎಂಜಿನ್. ಐಡ್ಲಿಂಗ್ ಚೆನ್ನಾಗಿದೆ. ಆದರೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ 1800–2000 ಆರ್‌ಪಿಎಂ ಹತ್ತಿರ ಮುಗ್ಗರಿಸುತ್ತೆ, ಕಾರ್ಬುರೇಟರ್ ಒಳಗೇ ಪಟ್ ಅಂತ ಸದ್ದು ಬರುತ್ತೆ. ಜೋರಾಗಿ ತುಳಿದರೆ ತೊಂದರೆಯೇ ಇಲ್ಲ. ಆಕ್ಸಿಲರೇಟರ್ ತುಳಿದಾಗ ಹೆಚ್ಚುವರಿ ಪೆಟ್ರೋಲ್ ಕೊಡುವ ಪಂಪ್ ಜೆಟ್‌ನಿಂದ ಅದು ದಾರದ ಹಾಗೆ ನೇರವಾಗಿ ಚಿಮ್ಮುತ್ತಿದೆ.

ಇಗ್ನಿಷನ್ ಟೈಮಿಂಗ್ ಸರಿಯಿದೆ. ಪೆಟ್ರೋಲ್ ಒತ್ತಡ 3 ಪಿಎಸ್‌ಐ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಸ್ಪ್ರೇ ಹೊಡೆದು ನೋಡಿದ್ದಾಯ್ತು, ಗಾಳಿ ಸೋರಿಕೆ ಇಲ್ಲ. ಐಡ್ಲಿಂಗ್ ವೇಗ ಹೊಂದಿಸುವ ಸ್ಪೀಡ್ ಸ್ಕ್ರೂ ಅರ್ಧ ಸುತ್ತಷ್ಟೇ ಒಳಗಿದೆ, ಹಾಗಾಗಿ ಥ್ರಾಟಲ್ ಪ್ಲೇಟ್ ಪ್ರೊಗ್ರೆಷನ್ ರಂಧ್ರಗಳನ್ನು (ಥ್ರಾಟಲ್ ತುಸು ತೆರೆದಾಗ ಪೆಟ್ರೋಲ್ ಕೊಡುವಂಥವು) ಮೊದಲೇ ತೆರೆದಿಟ್ಟಿರಲಾರದು. ಐಡ್ಲಿಂಗ್‌ನ ಪೆಟ್ರೋಲ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮಾತ್ರ ಮೂರು ಸುತ್ತು ಹೊರಗೆ ಬಂದರೇ ಎಂಜಿನ್‌ಗೆ ಸಮಾಧಾನ. ಎರಡೂವರೆ ದಾಟಿದರೆ ಐಡಲ್ ಜೆಟ್ ಸಣ್ಣದು ಅಂತಲೇ ಅಲ್ಲವೇ?

ಪ್ರೈಮರಿ (ಮೊದಲು ತೆರೆಯುವ ಬದಿಯ) ಐಡಲ್ ಜೆಟ್ ಅಳತೆ 50 ಇದೆ. 55ಕ್ಕೆ ಹೋಗಲಾ, ಕಾರ್ಬುರೇಟರ್‌ನೊಳಗಿನ ಪೆಟ್ರೋಲ್ ಮಟ್ಟ ನಿರ್ಧರಿಸುವ ಫ್ಲೋಟ್ ಎತ್ತರ ಮೊದಲು ನೋಡಲಾ? ಎರಡನ್ನೂ ಒಟ್ಟಿಗೆ ಮುಟ್ಟಿದರೆ ಕಾರಣ ಯಾವುದೆಂದು ಗೊತ್ತಾಗಲ್ಲ. ಬಲ್ಲವರು ದಯವಿಟ್ಟು ತಿಳಿಸಿ.