ಸಹಾಯ ಬೇಕು: ಐಸ್‌ಲ್ಯಾಂಡ್‌ನಲ್ಲಿ ಎರಡು ರಾತ್ರಿ, ಜುಲೈ, ಜೊತೆಗೆ ವಯಸ್ಸಾದವರು

ನಮಸ್ಕಾರ. ಬಾಸ್ಟನ್‌ನಿಂದ ಲಂಡನ್‌ಗೆ ಹೋಗುವಾಗ ಐಸ್‌ಲ್ಯಾಂಡ್‌ನ ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿಳಿದು ಎರಡು ರಾತ್ರಿ ಸ್ಟಾಪ್‌ಓವರ್. ಷೆಂಗನ್ ವೀಸಾ ಆಗಿದೆ. (ಗ್ರೀನ್‌ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟಿನವರು ನಿಲ್ದಾಣದಿಂದ ಹೊರಗೆ ಕಾಲಿಡಲು ಈ ವೀಸಾ ಬೇಕೇ ಬೇಕು. ಹಲವರು ಎಡವುವುದು ಇಲ್ಲೇ.)

ದೇಶವನ್ನು ಸುತ್ತುಹಾಕುವ ರಿಂಗ್ ರೋಡ್ ಸುಮಾರು 1,300 ಕಿ.ಮೀ., ಅದರ ಆಸೆ ಬಿಟ್ಟಿದ್ದೇವೆ. ದಕ್ಷಿಣ ತೀರದಲ್ಲಿ ವೀಕ್ ಎಂಬ ಊರಿನವರೆಗೆ ಮಾತ್ರ. ವಿಮಾನ ಇಳಿಯುವುದು ಬೆಳಗಿನ ಜಾವ. ನಿದ್ದೆಗೆಟ್ಟು ಮೂರು ಗಂಟೆ ಕಾರು ಓಡಿಸುವುದು ಬೇಡವೆಂದು ಮೊದಲ ರಾತ್ರಿ ದಾರಿಯಲ್ಲಿ ಸಿಗುವ ಸೆಲ್ಫಾಸ್ ಪಟ್ಟಣದ ಆಸುಪಾಸಿನಲ್ಲೇ ತಂಗುತ್ತೇವೆ. ಕತ್ತಲೆಯೇ ಆಗದ ಕಾಲವಾದ್ದರಿಂದ ಸಂಜೆ ಏಳರ ಮೇಲೆ, ಬಸ್ಸುಗಳೆಲ್ಲ ವಾಪಸಾದ ನಂತರ ಸೆಲ್ಯಾಲಾಂಡ್ಸ್‌ಫಾಸ್ ಜಲಪಾತ ನೋಡುವ ಲೆಕ್ಕ. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಬಿಸಿಲೂ ಆಗಲೇ ಬೀಳುತ್ತದೆ.

ಕೇಳಬೇಕಿರುವುದು ಅಮ್ಮನ ಬಗ್ಗೆ. ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಸೆಲ್ಯಾಲಾಂಡ್ಸ್‌ಫಾಸ್‌ನಲ್ಲಿ ಬೀಳುವ ನೀರಿನ ಹಿಂದಿನ ದಾರಿ ಒದ್ದೆ ಕಲ್ಲು, ಜಾರುತ್ತದೆ, ಅದನ್ನು ಬಿಡಿಸುತ್ತೇವೆ. ಸ್ಕೋಗಾಫಾಸ್ ಜಲಪಾತದ ಬುಡದವರೆಗೆ ಸಮತಟ್ಟು, ಚಿಂತೆಯಿಲ್ಲ. ಸಮುದ್ರದಂಚಿನ ಡಿರ್ಹೋಲಾಯ್ ಬಂಡೆಗುಡ್ಡದಲ್ಲಿ ಪಫಿನ್ ಹಕ್ಕಿ ತೋರಿಸಬೇಕೆಂದಿದೆ: ಮೇಲಿನ ಪಾರ್ಕಿಂಗ್‌ನಿಂದ ಹಕ್ಕಿ ಕಾಣುವ ಅಂಚಿಗೆ ಏರು ಎಷ್ಟು? ಗಾಳಿಯಲ್ಲಿ ಕೋಲೂರಿ ನಿಲ್ಲಬಹುದೇ? ರೇನಿಸ್‌ಫ್ಯಾರಾ ಕಡಲತೀರದ ಕಪ್ಪು ಮರಳಿಗೆ ಅವರನ್ನು ಇಳಿಸುವುದಿಲ್ಲ, ಅಲ್ಲಿನ ಅಲೆ ಹೇಳದೆ ಕೇಳದೆ ಮೇಲೇರಿ ಎಳೆದೊಯ್ಯುತ್ತದೆ.

ಇನ್ನೊಂದು, ಬಾಡಿಗೆ ಕಾರಿನ ವಿಮೆ. ಜಲ್ಲಿ ವಿಮೆ (ಸಿಡಿಯುವ ಕಲ್ಲಿನಿಂದಾಗುವ ಹಾನಿಗೆ) ತೆಗೆದುಕೊಳ್ಳುತ್ತೇವೆ. ಡಾಂಬರು ರಸ್ತೆಯಲ್ಲೇ ಇರುವವರಿಗೆ ಜುಲೈನಲ್ಲಿ ಮರಳು-ಬೂದಿ ವಿಮೆಯೂ (ಗಾಳಿಗೆ ಹಾರುವ ಮರಳು, ಜ್ವಾಲಾಮುಖಿ ಬೂದಿಯಿಂದಾಗುವ ಹಾನಿಗೆ) ಬೇಕಾ? ಗಾಳಿಗೆ ಬಾಗಿಲು ಕಿತ್ತುಬಂದರೆ ಸಾಮಾನ್ಯವಾಗಿ ಯಾವ ವಿಮೆಯೂ ಕೊಡುವುದಿಲ್ಲ ಅನ್ನುವುದು ಗೊತ್ತು. ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ.