ನಿತ್ಯಪುಷ್ಪ ಪಾಟ್‌ನಲ್ಲಿ ಉಳಿಯುತ್ತಿಲ್ಲ, ನಿಮ್ಮ ಅನುಭವ ಹೇಳಿ

ಕೇಳಿದ್ದು

ನಿತ್ಯಪುಷ್ಪ ಯಾರು ಬೇಕಾದರೂ ಬೆಳೆಸಬಹುದಾದ ಗಿಡ ಅಂತಾರೆ. ನನ್ನ ಕೈಯಲ್ಲಿ ಮೂರು ಹೋದವು. ಹೂ ಬಿಟ್ಟಿದ್ದ ಗಿಡವನ್ನೇ ತಂದು ದೊಡ್ಡ ಪಾಟ್‌ಗೆ ಹಾಕಿದ್ದೆ, ದಿನಾ ಬೆಳಿಗ್ಗೆ ತಪ್ಪದೆ ನೀರು. ಹದಿನೈದು ದಿನಕ್ಕೆ ಎಲೆ ಹಳದಿಯಾಗಿ, ಬುಡ ಕಪ್ಪಾಗಿ, ಗಿಡ ಜೋತುಬಿತ್ತು. ಬಾಡಿದೆ ಅಂತ ಇನ್ನೊಂದು ಚೊಂಬು ನೀರು ಹಾಕಿದೆ. ತಪ್ಪಿದ್ದೆಲ್ಲಿ? ಇನ್ನೊಂದು ವಿಷಯ. ಇದರ ಎಲೆ ಅಗಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಮನೆಯ ಹಿರಿಯರೊಬ್ಬರು ಶುರು ಮಾಡಲು ಹೊರಟಿದ್ದಾರೆ. ಬಿಡಬಹುದಾ?

ಉತ್ತರ 1

ಆ ಕೊನೆಯ ಚೊಂಬೇ ಹೇಳುತ್ತಿದೆ ನೋಡಿ. ಬೇರು ಕೊಳೆತ ಗಿಡ ಬಾಯಾರಿದ ಗಿಡದ ಹಾಗೇ ಕಾಣುತ್ತದೆ. ಬೇರು ಸತ್ತ ಮೇಲೆ ಸುತ್ತ ಎಷ್ಟು ನೀರಿದ್ದರೂ ಮೇಲಕ್ಕೆ ಹತ್ತುವುದಿಲ್ಲ, ಎಲೆ ಬಾಡುತ್ತದೆ, ನಾವು ಮತ್ತೆ ನೀರು ಹಾಕುತ್ತೇವೆ. ನಾನೂ ಹೀಗೇ ಎರಡು ಗಿಡ ಕೊಂದಿದ್ದೇನೆ. ಇದು ಮಡಗಾಸ್ಕರ್ ದ್ವೀಪದ ಗಿಡ, ಬಿಸಿಲು ಮತ್ತು ಮರಳು ಮಣ್ಣು ಇದಕ್ಕೆ ಹೊಸದಲ್ಲ. ಗೋಡೆ ಬಿರುಕಿನಲ್ಲಿ ಯಾರೂ ನೀರು ಹಾಕದೆ ಹೂ ಬಿಡುತ್ತಾ ನಿಂತಿರುವುದನ್ನು ನೋಡಿಲ್ವಾ?

ದೊಡ್ಡ ಪಾಟ್ ಕೂಡ ತಪ್ಪೇ. ಸಣ್ಣ ಬೇರಿನ ಸುತ್ತ ಅಷ್ಟೊಂದು ಮಣ್ಣಿದ್ದರೆ ಅದು ಒಣಗುವುದೇ ಇಲ್ಲ. ಮಣ್ಣಿಗೆ ಮೂರರಲ್ಲಿ ಒಂದು ಪಾಲು ದಪ್ಪ ಮರಳು ಸೇರಿಸಿ. ಬೆರಳು ಒಂದು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಎಲೆ ಮೇಲೆ ಸುರಿಯಬೇಡಿ, ಬುಡಕ್ಕೆ ಹಾಕಿ.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಪೂರ್ತಿ ಅಲ್ಲ. ಅಂಗೈಯಗಲದ ಪಾಟ್ ಸುಡುಬಿಸಿಲಿನಲ್ಲಿದ್ದರೆ ದಿನಾ ನೀರು ಬೇಕೇ ಬೇಕು. ನನ್ನದು ಒಣಗಿಯೇ ಸತ್ತಿದ್ದು. ಲೆಕ್ಕ ದಿನದ್ದಲ್ಲ, ಮಣ್ಣಿನದ್ದು.

ಉತ್ತರ 3

ಹೂ ಬಿಟ್ಟ ಗಿಡ ತರುವುದನ್ನೇ ಬಿಡಿ, ಬೀಜದಿಂದ ಮಾಡಿ. ಹೂ ಉದುರಿದ ಮೇಲೆ ಸಣ್ಣ ಕೊಂಬಿನಂಥ ಜೋಡಿ ಕಾಯಿ ಬರುತ್ತದೆ. ಹಸಿರು ಬಣ್ಣ ಹೋಗಿ ಹಳದಿ ತಿರುಗಿದಾಗ ಕೀಳಬೇಕು. ಒಂದು ದಿನ ತಡವಾದರೆ ಒಡೆದು ಕರಿ ಬೀಜವೆಲ್ಲ ನೆಲದ ಪಾಲು.

ಈ ಬೀಜಕ್ಕೆ ಕತ್ತಲು ಬೇಕು. ನಾನು ಮೊದಲ ಸಲ ಸುಮ್ನೆ ಮಣ್ಣಿನ ಮೇಲೆ ಉದುರಿಸಿದ್ದೆ, ಬೆರಳೆಣಿಕೆಯಷ್ಟು ಹುಟ್ಟಿದವು. ಆಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿದೆ, ಸಾಲಾಗಿ ಎದ್ದವು. 25 ಡಿಗ್ರಿ ಆಸುಪಾಸು ಬೆಚ್ಚಗಿದ್ದರೆ ಒಂದರಿಂದ ಎರಡು ವಾರ. ಬೇರು ಕದಲಿದರೆ ಮುನಿಸಿಕೊಳ್ಳುವ ಸಸಿ ಇದು. ಹಾಗಾಗಿ ಮಣ್ಣಿನ ಹೆಂಟೆ ಒಡೆಯದ ಹಾಗೆ ಎತ್ತಿ ನೆಡಿ. ಬಿತ್ತಿದ ಸುಮಾರು ಮೂರು ತಿಂಗಳಿಗೆ ಮೊದಲ ಹೂ. ಗೊಬ್ಬರ ಜಾಸ್ತಿ ಹಾಕಿದರೆ ಎಲೆಯೇ ಎಲೆ, ಹೂವಿಲ್ಲ. ಹೈಬ್ರಿಡ್ ಗಿಡದ ಬೀಜವಾದರೆ ತಾಯಿಯ ಬಣ್ಣವೇ ಬರುತ್ತದೆ ಅಂತ ನಂಬಬೇಡಿ. ನನ್ನ ಕಡುಗೆಂಪಿನ ಮಕ್ಕಳೆಲ್ಲ ಮಾಸಲು ಗುಲಾಬಿ!

ಉತ್ತರ 4

ಎಲ್ಲರೂ ನೀರಿನ ಬಗ್ಗೆಯೇ ಹೇಳಿದಿರಿ, ಎಲೆ ವಿಷಯ ಬಿಟ್ಟುಬಿಟ್ಟಿರಿ. ಅದೇ ಮುಖ್ಯ. ದಯವಿಟ್ಟು ಅಗಿಯಲು ಬಿಡಬೇಡಿ. ಇದು ಕಣಗಿಲೆಯ ಕುಟುಂಬದ ಗಿಡ, ಇಡೀ ಗಿಡವೇ ವಿಷ.

ಸಕ್ಕರೆ ಕಾಯಿಲೆಯ ನಂಬಿಕೆ ಹಲವು ದೇಶಗಳಲ್ಲಿದೆ. ಜಮೈಕಾದಲ್ಲಿ ಇದರ ಕಷಾಯ ಕುಡಿಯುತ್ತಾರೆಂದು ಅಲ್ಲಿಂದ ಎಲೆ ತರಿಸಿ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಬಾಯಿಗೆ ಹಾಕಿದಾಗ ಸಕ್ಕರೆ ಇಳಿಯಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ನೋಡಿದರೆ ರಕ್ತದ ಬಿಳಿ ಕಣಗಳು ಕುಸಿದಿದ್ದವು. ಹಾಗಾದರೆ ಬಿಳಿ ಕಣ ವಿಪರೀತವಾಗುವ ರಕ್ತದ ಕ್ಯಾನ್ಸರ್‌ಗೆ ಯಾಕಾಗಬಾರದು ಅನ್ನಿಸಿತು. ನೋಬಲ್ ಮತ್ತು ಅವರ ಜೊತೆಗಾರ ಚಾರ್ಲ್ಸ್ ಬೀರ್ ಈ ಎಲೆಯಿಂದ ಬೇರ್ಪಡಿಸಿದ ಕ್ಯಾನ್ಸರ್ ಔಷಧಿ ವಿನ್‌ಬ್ಲಾಸ್ಟಿನ್ 1958ರಲ್ಲಿ ಹೊರಜಗತ್ತಿಗೆ ಗೊತ್ತಾಯಿತು. ಇದೇ ಗಿಡದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಕೊಡುವ ಔಷಧಿ. ಅದೂ ರಕ್ತನಾಳಕ್ಕೆ ಮಾತ್ರ, ಅಳತೆ ನೋಡಿ, ಆಸ್ಪತ್ರೆಯಲ್ಲಿ. ಒಂದು ಎಲೆಯಲ್ಲಿ ಎಷ್ಟಿದೆ ಅಂತ ಅಗಿಯುವವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲೂ ಈ ಮಾತು ಎದ್ದಿತ್ತು. ಬೇಡ ಅಂದರೆ ಕೇಳಲಿಲ್ಲ, ಇಲಿಗಳ ಕಥೆ ಹೇಳಿದೆ, ಅಲ್ಲಿಗೆ ನಿಂತಿತು.

ಉತ್ತರ 5

ಮುಂದೆ ಹೂಗಳೆಲ್ಲ ಹಸಿರಾಗಿ ಪುಟ್ಟ ಎಲೆಗಳ ಗೊಂಚಲಿನ ಹಾಗೆ ಬರತೊಡಗಿದರೆ ಹೊಸ ತಳಿ ಅಂತ ಖುಷಿಪಡಬೇಡಿ, ನಾನು ಪಟ್ಟಿದ್ದೆ. ಅದು ಜಿಗಿಹುಳ ಹರಡುವ ರೋಗ, ವಾಸಿಯಾಗಲ್ಲ. ಕಿತ್ತು ದೂರ ಹಾಕಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೂರನೆಯದನ್ನು ಕಿತ್ತು ನೋಡಿದೆ, ಬೇರು ಕಂದಾಗಿ ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರುತ್ತಿತ್ತು. ಇಲಿಗಳ ಕಥೆ ಮನೆಯಲ್ಲಿ ಓದಿ ಹೇಳಿದ್ದೇನೆ. ಹಿರಿಯರು ಮಾತಾಡಲಿಲ್ಲ, ಆದರೆ ಕೈಯಲ್ಲಿದ್ದ ಎಲೆ ಕೆಳಗಿಟ್ಟರು. ಪಾಟ್ ಪಕ್ಕದ ಕಲ್ಲಿನ ಸಂದಿಯಲ್ಲಿ ಎರಡು ಪುಟ್ಟ ಸಸಿ ಎದ್ದಿವೆ, ಎಲೆ ನಡುವೆ ಬಿಳಿ ಗೆರೆ ಇದೆ. ಇದೇ ಇರಬೇಕು ಅಲ್ವಾ? ಅಲ್ಲಿಂದ ಎತ್ತಲೋ, ಬೇಡವೋ?

ಉತ್ತರ 1

ಅದೇ. ಎತ್ತಬೇಡಿ.